ದೇಶಕ್ಕೆ ಅಪಾಯವಾಗಿದ್ದ ನಮ್ಮ ಕಾಕಾ

ನಮ್ಮ ಕಾಕಾ ಈ ದೇಶದ ಭದ್ರತೆಗೆ ದೊಡ್ಡ ಅಪಾಯವಾಗಿದ್ದರು. ಹಾಗೆಂದು ನಾನು ಹೇಳುತ್ತಿಲ್ಲ, ಪೊಲೀಸರು ಹೇಳುತ್ತಿದ್ದರು. ನಾಯಿ ಬೊಗಳಿದರೆ ಸೈಕಲ್ ಇಳಿದು ತಳ್ಳಿಕೊಂಡು ಹೋಗುವ, ಡಾಕ್ಟರು ಸೂಜಿ ತೆಗೆದರೆ ಹೆಂಡತಿಯ ಕೈ ಹಿಡಿದುಕೊಳ್ಳುವ ಈ ಮನುಷ್ಯನಿಂದ ಇಷ್ಟು ದೊಡ್ಡ ದೇಶಕ್ಕೆ ಏನಾಗಬಹುದು? ಚಿಕ್ಕಂದಿನಿಂದ ನನಗೆ ಇದೇ ಕುತೂಹಲ.

ಕಾಕಾ ಕಮ್ಯುನಿಸ್ಟ್. ಶಿರವಾಳದಲ್ಲಿ ಅವರೊಬ್ಬರೇ. ಪಕ್ಷದ ಸಭೆ ಕರೆದರೆ ಅಧ್ಯಕ್ಷರೂ ಅವರೇ, ಸಭಿಕರೂ ಅವರೇ. ಚಹಾ ತರುವ ಸಣ್ಣವ್ವನನ್ನು, ಅಂದರೆ ಅವರ ಹೆಂಡತಿಯನ್ನು, ಲೆಕ್ಕಕ್ಕೆ ಹಿಡಿದರೆ ಕೋರಂ! ಸಣ್ಣವ್ವನೋ, ಶಿವಪೂಜೆ ಮಾಡದೆ ನೀರು ಮುಟ್ಟದವಳು. ಕಾಕಾ ದಿನಾ ಬೆಳಿಗ್ಗೆ, “ದೇವರಿಲ್ಲ” ಎನ್ನುವರು.

“ಇಲ್ಲಂತ ಗೊತ್ತಾತಲ್ಲ, ಈಗ ಹೋಗಿ ಬಿಲ್ವಪತ್ರಿ ಹರಕೊಂಡು ಬರ್ರಿ,” ಎನ್ನುವಳು ಇವಳು. ಕಾಕಾ ತರುತ್ತಿದ್ದರು. ಅದೂ ತೂತಿಲ್ಲದ ಎಲೆಗಳನ್ನೇ ಆರಿಸಿ.

ರಾಜ್ಯದ ಗಡಿಯಾಚೆ ಬಂದೂಕು ಹಿಡಿದ ನಕ್ಸಲರ ಸುದ್ದಿ ಜೋರಾಗಿದ್ದ ಕಾಲದಲ್ಲಿ ಹೊಸ ಇನ್ಸ್‌ಪೆಕ್ಟರೊಬ್ಬರು ಮನೆ ಶೋಧಿಸಲು ಬಂದರು. ಅಟ್ಟ ಹುಡುಕಿದರು, ಜೋಳದ ಚೀಲ ತಿವಿದರು. ಕೊನೆಗೆ ಕಾಕಾನನ್ನೇ ಕೇಳಿದರು, “ಬಂದೂಕು ಎಲ್ಲದ?”

“ಸಾಹೇಬ್ರ, ಬಂದೂಕಿನ್ಯಾಗ ನಂಬಿಕಿ ಇದ್ದಾಂವ ಓಟಿಗೆ ಯಾಕ ನಿಂದರತಾನ್ರಿ? ನಾ ನಿಂತಾಗೆಲ್ಲ ಡಿಪಾಜಿಟ್ ಕಳಕೊಂಡೀನಿ, ಮತ್ತ ನಿಂತೀನಿ. ಇದಕ್ಕಿಂತ ಹೆಚ್ಚಿಗಿ ಪ್ರಜಾಪ್ರಭುತ್ವ ನಿಮಗ ಎಲ್ಲಿ ಸಿಗತದ?”

“ಹಂಗಾರ ರಶ್ಯಾದಿಂದ ಬರೋ ಪುಸ್ತಕ ತಗೀರಿ,” ಎಂದರು ಇನ್ಸ್‌ಪೆಕ್ಟರು.

ಸಣ್ಣವ್ವ ಅಡುಗೆಮನೆಯಿಂದಲೇ ಹೇಳಿದಳು, “ಆ ಹಾಳಿ ಭಾಳ ನುಣುಪ ಇರ್ತಾವ್ರಿ. ಸಾಲಿ ಹುಡುಗರ ಪುಸ್ತಕಕ್ಕೆಲ್ಲ ಕವರ್ ಹಾಕಿ ಕೊಟ್ಟೀನಿ. ನಿಮ್ಮ ಜೊತಿ ಬಂದಾರಲ್ಲ ಈ ಹವಾಲ್ದಾರರು, ಇವರ ಮಗಳ ಪುಸ್ತಕಕ್ಕೂ ಹಾಕೀನಿ. ಜಪ್ತಿ ಮಾಡೂದಿದ್ರ ಅಲ್ಲಿಂದ ಸುರು ಮಾಡ್ರಿ.” ಹವಾಲ್ದಾರರು ನಮ್ಮ ಮನೆಯ ಜಂತಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಕಾಲುವೆಗೆ ನೀರು ಬಂದ ಮೇಲೆ ಕಾಕಾನ ಅಪಾಯ ಇನ್ನೂ ಹೆಚ್ಚಾಯಿತು. ಮೇಲಿನ ಹಳ್ಳಿಗಳವರು ಭತ್ತ ನಾಟಿ ಮಾಡಿ ನೀರೆಲ್ಲ ಹಿಡಿದುಕೊಂಡರೆ, ಕಾಲುವೆಯ ಕೊನೆಯ ಹೊಲಗಳಿಗೆ ಬರುತ್ತಿದ್ದುದು ಬರೀ ಧೂಳು. ಕಾಕಾನ ಹೊಲ ಅಲ್ಲಿರಲಿಲ್ಲ, ಆದರೂ ಆ ರೈತರ ಪರವಾಗಿ ಒಮ್ಮೆ ಮಂತ್ರಿಗಳಿಗೆ ಕಪ್ಪು ಬಾವುಟ ತೋರಿಸಿಬಿಟ್ಟರು. ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಶಹಾಪುರಕ್ಕೆ ಮಂತ್ರಿಗಳು ಬರುವ ದಿನ ಬೆಳಿಗ್ಗೆ ಅದೇ ಹವಾಲ್ದಾರರು ಬಾಗಿಲಿಗೆ ಬಂದು, “ಬರ್ರಿ ಕಾಮ್ರೇಡ್, ಹೊತ್ತಾತು,” ಎನ್ನುವರು. ಸಣ್ಣವ್ವ ಇಬ್ಬರಿಗೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುವಳು. ಸಂಜೆಗೆ ಬಿಡುಗಡೆ.

ಇದರಲ್ಲೊಂದು ಮರ್ಮವಿತ್ತು. ಯಾರನ್ನೋ ಹಿಡಿದಿಟ್ಟಿದ್ದಾರೆಂದು ಮಂತ್ರಿಗಳ ಕಿವಿಗೆ ಬೀಳುತ್ತಿತ್ತು. ಯಾಕೆ ಎಂದು ಕೇಳುತ್ತಿದ್ದರು. ಕೊನೆಯ ಹೊಲಗಳ ನೀರಿನ ಗಲಾಟೆ ಎಂದು ತಿಳಿದಾಗ ಇಂಜಿನಿಯರಿಗೆ ಬೈಗುಳ. ಅದಾಗಿ ಎರಡು ದಿನಕ್ಕೆ ನೀರು ಕೊನೆಯ ಹೊಲ ಮುಟ್ಟುತ್ತಿತ್ತು. ಕಾಕಾ ಜೀಪು ಹತ್ತಿದ ಸುದ್ದಿ ಕೇಳಿದರೆ ಸಾಕು, ಆ ರೈತರು ಸಲಿಕೆ ಹುಡುಕುತ್ತಿದ್ದರು.

ಆದರೆ ಓಟು ಮಾತ್ರ ಯಾರೂ ಹಾಕಲಿಲ್ಲ. ಮಷೀನು ಬಂದ ಮೇಲಂತೂ ಯಾವ ಬೂತಿನಲ್ಲಿ ಎಷ್ಟೆಂದು ಊರಿಗೇ ಗೊತ್ತಾಗತೊಡಗಿತು. ಕಾಕಾ ನಿಂತ ಕೊನೆಯ ಚುನಾವಣೆಯಲ್ಲಿ ನಮ್ಮ ಬೂತಿನಲ್ಲಿ ಅವರಿಗೆ ಬಿದ್ದದ್ದು ಒಂದೇ ಓಟು. ಅದು ಅವರದೇ ಇರಬೇಕು, ಅಂದರೆ ಸ್ವಂತ ಹೆಂಡತಿಯೂ ಹಾಕಿಲ್ಲವೆಂದು ಊರು ನಕ್ಕಿದ್ದೇ ನಕ್ಕಿದ್ದು.

“ನಾ ಯಾಕ ಹಾಕಲಿ?” ಎಂದಳು ಸಣ್ಣವ್ವ. “ಇವರು ಗೆದ್ದು ಬೆಂಗಳೂರಿಗೆ ಹೋದ್ರ ಎಮ್ಮಿ ಹಿಂಡೋರು ಯಾರು?” ಕಾಕಾ ಚರಿಗೆ ಹಿಡಿದು ಎಮ್ಮೆಯ ಕಡೆ ನಡೆದರು.

ಕಾಕಾನ ಮೊಣಕಾಲು ಕೈಕೊಟ್ಟ ವರ್ಷ ಕೊನೆಯ ಹೊಲಗಳ ಮೆಣಸಿನಗಿಡ ಬಾಡುತ್ತಿತ್ತು. ಮಂತ್ರಿಗಳು ಬರುವ ದಿನ ಕಾಕಾ ನಸುಕಿನಲ್ಲೇ ಸ್ನಾನ ಮಾಡಿ, ಬುತ್ತಿ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತರು. ಹವಾಲ್ದಾರರು ರಿಟೈರಾಗಿದ್ದರು. ಬಿಸಿಲೇರಿದರೂ ಯಾರೂ ಬರಲಿಲ್ಲ. ಕಾಕಾ ನನ್ನ ಫೋನು ಇಸಕೊಂಡು ಠಾಣೆಗೆ ಹಚ್ಚಿದರು.

“ನನ್ನ ಹಿಡಿಯಾಕ ಯಾವಾಗ ಬರ್ತೀರಿ?”

ಆ ಕಡೆಯವರು ಏನೋ ಅಂದರು. ಕಾಕಾ ಫೋನು ನನ್ನ ಕೈಗೆ ಕೊಟ್ಟರು. ಮುಖ ಸಣ್ಣದಾಗಿತ್ತು.

“ನೀವು ಯಾರು ಅಂತ ಕೇಳ್ಯಾರ. ನನಗ ಅಂಜೂದು ಬಿಟ್ಟಾರ. ಈ ಸಲ ಆ ಮಂದಿಗೆ ನೀರಿಲ್ಲ.”

ಸಣ್ಣವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸಪ್ಪಳ ಕೇಳಿಸಿತು. ಹೊರಬಂದವಳು ಸೆರಗು ಬಿಗಿಮಾಡಿಕೊಂಡು ಬಸ್ಸಿನ ಕಡೆ ನಡೆದಳು. ಸಂತೆಗಿರಬೇಕು ಎಂದುಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಸುರಪುರ ರಸ್ತೆಯಲ್ಲಿ ಮಂತ್ರಿಗಳ ಕಾರಿನ ಎದುರು ಪಕ್ಷದ ಕೆಂಪು ಬಾವುಟ ಹಿಡಿದು ಒಬ್ಬಳೇ ನಿಂತಿದ್ದಳಂತೆ. ದಾರಿ ಬಿಟ್ಟು ಸರಿಯುವುದಿಲ್ಲ ಅಂದಳಂತೆ. ಈಗ ಠಾಣೆಯಲ್ಲಿ ಕುಳಿತಿದ್ದಾಳಂತೆ.

ಬೆಳಿಗ್ಗೆ ಆಕೆ ಕಟ್ಟಿಕೊಟ್ಟ ಬುತ್ತಿ ಬಿಚ್ಚದೆ ಹಾಗೇ ಇತ್ತು. ಕಾಕಾ, “ಅದು ತಣ್ಣಗಾಗ್ಯದ,” ಎಂದು ಬದಿಗಿಟ್ಟು, ಹುಟ್ಟಿದಾರಭ್ಯ ಒಲೆ ಮುಟ್ಟದ ಮನುಷ್ಯ ಹಿಟ್ಟು ನಾದಲು ಕುಳಿತರು. ಎರಡು ರೊಟ್ಟಿ ಅನ್ನಬಹುದಾದಂಥವು ಆದವು.

ನನ್ನ ಬೈಕಿನ ಹಿಂದೆ ಕುಳಿತು ಹೋಗುವಾಗ ಹೇಳಿದರು, “ಆ ಒಂದು ಓಟು ನಂದಲ್ಲಪಾ.”

“ಮತ್ತ ಯಾರದು?”

“ಆವತ್ತು ವಡಗೇರಾಕ ಹೋಗಿದ್ದೆ. ಬಸ್ಸು ಕೆಟ್ಟು ನಿಂತು ನಾ ಬರೂದ್ರಾಗ ಬೂತು ಮುಚ್ಚಿತ್ತು. ನಾ ಓಟೇ ಹಾಕಿಲ್ಲ.”

“ಇಷ್ಟು ವರ್ಷ ಸಣ್ಣವ್ವಗ ಯಾಕ ಹೇಳಲಿಲ್ಲ?”

“ಹೇಳಿದ್ರ ಆಕಿಗೆ ನಾಚಿಕಿ ಆಗತಿತ್ತು,” ಎಂದರು.

ಠಾಣೆಯ ಬೆಂಚಿನ ಮೇಲೆ ಬಾವುಟವನ್ನು ನೀಟಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಸಣ್ಣವ್ವ ಕುಳಿತಿದ್ದಳು. ಬುತ್ತಿ ಬಿಚ್ಚಿ ನೋಡಿ, “ಇದು ರೊಟ್ಟಿ ಏನು, ಹೆಂಚೇನು?” ಎಂದಳು. ಆಮೇಲೆ, “ಮಂತ್ರಿಗಳು ಕೇಳ್ಯಾರ. ಇಂಜಿನಿಯರಿಗೆ ಬೈದಾರ. ನೀರು ಬರ್ತದ, ಚಿಂತಿ ಮಾಡಬ್ಯಾಡ್ರಿ. ನಾ ನಿಮಗ ಓಟು ಹಾಕದಾಕಿ, ನನಗ್ಯಾಕ ಬುತ್ತಿ ತಂದೀರಿ?” ಎಂದಳು.

“ಹೌದು, ನೀ ಹಾಕಿಲ್ಲ,” ಎಂದರು ಕಾಕಾ. “ಉಣ್ಣು.”

ರೊಟ್ಟಿ ಮುರಿಯಲು ಅವಳಿಗೆ ಆಗಲಿಲ್ಲ. ಕಾಕಾನೇ ಪಕ್ಕದಲ್ಲಿ ಕುಳಿತು ಮುರಿದು ಕೊಟ್ಟರು.