ಪ್ರತಿ ಗಿರಾಕಿಯ ಹಿಂದೊಂದು ಬಸ್ಸು

ನಮ್ಮ ಸೋದರಮಾವ ಜೀವಮಾನದಲ್ಲಿ ಒಮ್ಮೆಯೂ ಎಲ್ಲಿಗೂ ತಡವಾಗಿ ಹೋದವರಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ತಡವಾಗಿ ಬಂದರು ಅನ್ನಿಸಿಕೊಳ್ಳಬೇಕಾದರೆ ಮನುಷ್ಯ ಮೊದಲು ಮನೆಯಿಂದ ಹೊರಟಿರಬೇಕಲ್ಲವೆ? ನಮ್ಮ ಮಾವ ಹೊರಡುವುದಿಲ್ಲ, ಹೊರಡುತ್ತಿರುತ್ತಾರೆ! ಚಪ್ಪಲಿ ಮೆಟ್ಟಿದ ಮೇಲೆ ಕನ್ನಡಕ ನೆನಪಾಗುತ್ತದೆ. ಕನ್ನಡಕ ಸಿಕ್ಕಿದ ಮೇಲೆ ಅದನ್ನು ಒರೆಸಬೇಕೆನಿಸುತ್ತದೆ. ಒರೆಸಿ ಹಾಕಿಕೊಂಡ ಮೇಲೆ ಗೇಟಿನ ಪಕ್ಕದ ಮೆಣಸಿನ ಬಳ್ಳಿಯಲ್ಲಿ ಎಲೆ ಹಳದಿಯಾಗಿರುವುದು ಕಣ್ಣಿಗೆ ಬೀಳುತ್ತದೆ. ಅಷ್ಟು ಹೊತ್ತಿಗೆ ಅವರು ಹೋಗಬೇಕಾಗಿದ್ದ ಗೃಹಪ್ರವೇಶದಲ್ಲಿ ಕೊನೆಯ ಪಂಕ್ತಿಯೂ ಎದ್ದಿರುತ್ತದೆ.

ಬೆಳಗೋಡಿನ ಹತ್ತಿರ ಅವರದೊಂದು ಸಣ್ಣ ಕಾಫಿ ತೋಟ. ಒಂದು ಬೆಳಿಗ್ಗೆ ಆನೆ ಬಂದಿದೆ, ಹುಷಾರು ಎಂದು ಎಲ್ಲರ ಮೊಬೈಲಿಗೂ ಸಂದೇಶ ಬಂತು. ಕೆಲಸದವರೆಲ್ಲ ಓಡಿ ತಾವಿರುವ ಲೈನ್ ಮನೆಗಳನ್ನು ಸೇರಿಕೊಂಡರು. ಮಾವ ಮಾತ್ರ ಗೇಟಿನ ಹತ್ತಿರವೇ ನಿಂತಿದ್ದರು. ಆನೆ ಬಂದು ಮಾವನನ್ನು ನೋಡಿತು. ಮಾವ ಆನೆಯನ್ನು ನೋಡಿದರು. ಆನೆ ಸ್ವಲ್ಪ ಹೊತ್ತು ಕಾದು, ಇದು ಆಗುವ ಹೋಗುವ ಮಾತಲ್ಲ ಎಂದುಕೊಂಡು, ತೋಟಕ್ಕಿಳಿದು ತನ್ನ ದಾರಿ ಹಿಡಿಯಿತು. "ಓಡದೆ ನಿಂತ್ರಲ್ಲ ಸಾರ್, ಎಂಥಾ ಧೈರ್ಯ ನಿಮ್ದು" ಎಂದು ಅರಣ್ಯ ಇಲಾಖೆಯ ವಾಚರ್ ಆಮೇಲೆ ಊರ ತುಂಬ ಹೊಗಳಿದ. ಧೈರ್ಯವೆಲ್ಲಿ ಬಂತು? ಓಡಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಮಾವ ಇನ್ನೂ ಬಂದಿರಲಿಲ್ಲ, ಅಷ್ಟೆ.

ಇಂಥ ಮಾವ ಒಂದು ಕಾಲದಲ್ಲಿ ಅಂಗಡಿ ಇಟ್ಟಿದ್ದರು. ಅದೂ ಎಲ್ಲಿ? ಬೆಳಗೋಡಿನಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೇ!

ಅಂಗಡಿ ಮಾವನದಾದರೂ ಆಸೆ ಅತ್ತೆಯದು. ಅತ್ತೆ ಕಾಫಿ ಹುರಿಯುವುದನ್ನು ನೀವು ನೋಡಬೇಕು. ಗಡಿಯಾರ ನೋಡುವುದಿಲ್ಲ, ಬೀಜ ಮುಟ್ಟುವುದಿಲ್ಲ. ಪಕ್ಕದ ಕೋಣೆಯಲ್ಲಿ ಸೊಪ್ಪು ಸೋಸುತ್ತಾ ಕೂತವರು ಮೂಗಿಗೆ ಏನೋ ತಿಳಿದಂತೆ ಎದ್ದು ಬಂದು ಇಳಿಸುತ್ತಾರೆ. ಆದರೆ ನಮ್ಮ ಕಡೆ ಸಣ್ಣ ಬೆಳೆಗಾರರ ಪಾಡು ಗೊತ್ತಲ್ಲ, ಬೀಜ ಒಣಗಿಸಿ ಮೂಟೆ ಕಟ್ಟಿ ವ್ಯಾಪಾರಿಗೆ ಕೊಟ್ಟರೆ ಅಲ್ಲಿಗೆ ಋಣ ಮುಗಿಯಿತು. "ನಮ್ಮ ಕಾಫಿ ಯಾರು ಕುಡೀತಾರೆ ಅಂತಾನೇ ನಮಗೆ ಗೊತ್ತಿಲ್ವಲ್ಲ" ಎಂದು ಅತ್ತೆ ಕೊರಗುತ್ತಿದ್ದರು. ನೆಂಟರಲ್ಲದ, ಪರಿಚಯವಿಲ್ಲದ, ಮುಲಾಜಿಗೆ ಹೊಗಳಬೇಕಾಗಿಲ್ಲದ ಯಾರೋ ಒಬ್ಬರು ತಾನು ಹುರಿದ ಕಾಫಿ ಕುಡಿದು ಚೆನ್ನಾಗಿದೆ ಅನ್ನಬೇಕು. ಅವರು ಬದುಕಿನಲ್ಲಿ ಆಸೆಪಟ್ಟು ಕೇಳಿದ್ದು ಇದೊಂದನ್ನೇ. ಅದಕ್ಕಾಗಿಯೇ ಹುರಿಯುವ ಮಷೀನು ಬಂತು, ಅಂಗಡಿ ಬಂತು. ಗಲ್ಲಾದ ಮೇಲೆ ಮಾವ ಬಂದು ಕೂತರು.

ಬಸ್ಸು ಬಂದು ನಿಲ್ಲುತ್ತಿತ್ತು. ಕಾಫಿಯ ಘಮಕ್ಕೆ ಯಾರಾದರೂ ಇಳಿದು ಬರುತ್ತಿದ್ದರು. "ಕಾಲು ಕೆಜಿ ಕೊಡಿ."

"ಕೊಡಾಣ, ಕೊಡಾಣ. ಯಾವೂರಾಯ್ತು ತಮ್ದು?"

"ಆಲೂರು."

"ಆಲೂರಾಗೆ ಯಾರ ಮನೆ?"

ಮನೆ ಯಾವುದೆಂದು ತಿಳಿದ ಮೇಲೆ, ಆ ಮನೆಗೂ ನಮ್ಮ ಮನೆಗೂ ಹಿಂದೊಮ್ಮೆ ನಡೆದು ಮುರಿದುಬಿದ್ದ ಸಂಬಂಧದ ಮಾತು. ಆಮೇಲೆ ತಕ್ಕಡಿ ಒರೆಸುವುದು. ಆಮೇಲೆ ಪುಡಿ. ಅದು ಚೂರು ಹೆಚ್ಚಾಯಿತೆಂದು ತೆಗೆಯುವುದು, ತೆಗೆದದ್ದು ಹೆಚ್ಚಾಯಿತೆಂದು ಮತ್ತೆ ಹಾಕುವುದು. ಗಿರಾಕಿ ಕಾಲು ಬದಲಾಯಿಸಿ ನಿಲ್ಲುತ್ತಿದ್ದ. ತಿರುಗಿ ರಸ್ತೆ ಕಡೆ ನೋಡುತ್ತಿದ್ದ. ಕಂಡಕ್ಟರ್ ಸೀಟಿ ಊದುತ್ತಿದ್ದ. "ಆಮೇಲೆ ಬರ್ತೀನಿ ಯಜಮಾನ್ರೆ" ಎಂದು ಗಿರಾಕಿ ಓಡುತ್ತಿದ್ದ. ಮಾವ ತಲೆ ಎತ್ತುವಷ್ಟರಲ್ಲಿ ಪುಡಿ ತಕ್ಕಡಿಯಲ್ಲಿ, ಗಿರಾಕಿ ಬಸ್ಸಿನಲ್ಲಿ! ಆಮೇಲೆ ಬರುತ್ತೇನೆ ಎಂದವರಲ್ಲಿ ಯಾರೂ ಬರಲಿಲ್ಲ. ಅಂಗಡಿಗೆ ಬೀಗ ಬಿತ್ತು. ಮಷೀನು ಸ್ಟೋರಿನ ಮೂಲೆ ಸೇರಿತು.

ಕಳೆದ ಮಳೆಗಾಲದ ಶುರುವಿನಲ್ಲಿ ನಾನು ಹೋದಾಗ ಅತ್ತೆ ಮಾಮೂಲಿನಂತೆ ಕಾಫಿ ಕೊಟ್ಟು, ಮಾಮೂಲಿಯಲ್ಲದ ಮಾತೊಂದು ಹೇಳಿದರು.

"ಆಲೂರಿನೋರೊಬ್ಬರು ಮಷೀನ್ ಕೇಳಿ ಕಳಿಸಿದಾರೆ ಕಣೋ. ಸುಮ್ನೆ ತುಕ್ಕು ಹಿಡಿಸಿ ಏನು ಮಾಡಾಣ? ದೀಪಾವಳಿ ಗಂಟ ನೋಡಾಣ. ಅಷ್ಟ್ರೊಳಗೆ ಏನೂ ದಾರಿ ಆಗ್ಲಿಲ್ಲ ಅಂದ್ರೆ ಕೊಟ್ಬುಡಾಣ."

ಹೇಳಿದ್ದು ನನಗೆ, ಆದರೆ ಕೇಳಬೇಕಾಗಿದ್ದವರು ಜಗಲಿಯ ಮೇಲೆ ಕೂತಿದ್ದರು. ಮಾವ ಏನಾದರೂ ಹೇಳುವ ಹೊತ್ತಿಗೆ ದೀಪಾವಳಿ ಕಳೆದು ಸಂಕ್ರಾಂತಿ ಬಂದಿರುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಸಕಲೇಶಪುರದಲ್ಲಿ ಮೇಷ್ಟ್ರು, ಉಪಾಯ ಹೇಳುವುದು ನನ್ನ ಕಸುಬು. ಹೇಳಿದೆ. ಅಂಗಡಿಯನ್ನು ಇಂಟರ್ನೆಟ್ಟಿನಲ್ಲಿ ಇಡೋಣ. ಅಲ್ಲಿ ಮಾವ ತೂಗಬೇಕಾಗಿಲ್ಲ, ಮಾತಾಡಬೇಕಾಗಿಲ್ಲ. ಹಾಸನದಲ್ಲಿ ವೆಬ್‌ಸೈಟ್ ಮಾಡಿಕೊಡುವ ಗೆಳೆಯನೊಬ್ಬ ನನಗಿದ್ದ. ಅವನು ಬಂದು ಫೋಟೋ ತೆಗೆದ, ವಿಡಿಯೋ ತೆಗೆದ, ಡ್ರೋನ್ ಹಾರಿಸಿ ನಮ್ಮ ನಾಯಿಯನ್ನು ಹೆದರಿಸಿದ. ಸ್ವಲ್ಪ ದಿನಗಳಲ್ಲೇ ಸೈಟು ತೋರಿಸಲು ಬಂದ.

ಜಗಲಿಯ ಮೇಲೆ ಎಲ್ಲರೂ ಮಾವನ ಫೋನಿನ ಸುತ್ತ ಕೂತೆವು. ಒತ್ತಿದೆವು. ಪರದೆ ಬೆಳ್ಳಗಾಯಿತು. ನಡುವೆ ಒಂದು ಪುಟ್ಟ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗುತ್ತಲೇ ಇತ್ತು. ಆ ಸೈಟು ಥೇಟ್ ನಮ್ಮ ಮಾವನ ಜಾಯಮಾನದ್ದು! ಮಾವ ಇದನ್ನು ಮೆಚ್ಚದೆ ಇರಲು ಸಾಧ್ಯವೇ ಇಲ್ಲ ಎಂದುಕೊಂಡು ಅವರ ಮುಖ ನೋಡಿದೆ. ಅವರ ಹುಬ್ಬು ಗಂಟಿಕ್ಕಿತ್ತು.

"ಕಾಲು ಬದಲಾಯಿಸಿದ" ಎಂದರು.

"ಯಾರು ಮಾವ?"

"ರಸ್ತೆ ಕಡೆ ತಿರುಗಿದ."

ಚಕ್ರ ತಿರುಗುತ್ತಲೇ ಇತ್ತು. ಪರದೆಯ ಮೇಲ್ತುದಿಯಿಂದ ಫೋಟೋದ ಬೆಟ್ಟವೊಂದರ ತಲೆ ಇಷ್ಟಿಷ್ಟೇ ಇಳಿಯತೊಡಗಿತು.

"ಹೋಗ್ಬುಟ್ಟ" ಎಂದು ಮಾವ ಫೋನನ್ನು ಬೋರಲು ಹಾಕಿದರು.

"ಯಾರು ಹೋಗಿದ್ದು ಅಂಕಲ್?" ಗೆಳೆಯ ಗಾಬರಿಯಾದ.

"ಗಿರಾಕಿ ಮಾರಾಯ. ಇನ್ಯಾರು?"

ಗೆಳೆಯ ನಕ್ಕ. ತನ್ನ ಆಫೀಸಿನಲ್ಲಿ ಫಟ್ ಅಂತ ತೆರೆದುಕೊಳ್ಳುತ್ತದೆ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದ.

"ನಿನ್ನ ಆಫೀಸಿನೋರಿಗೆ ಕಾಫಿಪುಡಿ ನಾನೇ ತಂದ್ಕೊಡ್ತೀನಿ ಬುಡು" ಎಂದರು ಮಾವ. "ಸೈಟ್ ಬೇಕಾಗಿರೋದು ಬೇರೆಯೋರಿಗೆ. ನೋಡು, ಪ್ರತಿ ಗಿರಾಕಿ ಹಿಂದೆ ಒಂದು ಬಸ್ ನಿಂತಿರ್ತೈತೆ. ನನಗೆ ಎದುರಿಗೇ ಕಾಣ್ತಿತ್ತು, ನಿನಗೆ ಕಾಣಲ್ಲ, ಅಷ್ಟೇ ವ್ಯತ್ಯಾಸ. ಒಬ್ಬಳು ಒಲೆ ಮೇಲೆ ಹಾಲಿಟ್ಟು ಬಂದಿರ್ತಾಳೆ. ಇನ್ನೊಬ್ಬನಿಗೆ ಆಫೀಸಿಗೆ ಹೊತ್ತಾಗಿರ್ತೈತೆ. ನನ್ನ ಅಂಗಡೀಲಿ 'ಆಮೇಲೆ ಬರ್ತೀನಿ' ಅಂತ ಸುಳ್ಳಾದ್ರೂ ಹೇಳಿ ಹೋಗೋರು. ಇದ್ರಲ್ಲಿ ಅದೂ ಇಲ್ಲ. ಬಂದಿದ್ದ ಅಂತಾನೇ ನಮಗೆ ಗೊತ್ತಾಗಲ್ಲ."

ಮಾವ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅತ್ತೆಯೂ ಕೇಳಿರಲಿಲ್ಲವಂತೆ. ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ? ಗಿರಾಕಿ ಬಿಟ್ಟು ಹೋಗುವುದನ್ನು ಅವರಷ್ಟು ಹತ್ತಿರದಿಂದ, ಅಷ್ಟು ಸಲ, ಅಷ್ಟು ಸಾವಧಾನವಾಗಿ ನೋಡಿದವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಅಂದಿನಿಂದ ಕತ್ತರಿ ಪ್ರಯೋಗ ಶುರುವಾಯಿತು. ಮಂಜು ತೇಲುವ ಡ್ರೋನ್ ವಿಡಿಯೋ ಹೋಯಿತು. ಅದರ ಹಿನ್ನೆಲೆಯ ಕೊಳಲಿನ ದನಿಯೂ ಹೋಯಿತು. ಆಮೇಲೆ ಸೈಟು ತೆರೆಯಲು ಯಾವುದು ಭಾರ ಎಂದು ಮಾವ ಕೇಳಿದರು. ಶಾಲು ಹೊದ್ದು ಗಿಡದ ಪಕ್ಕ ಗಂಭೀರವಾಗಿ ನಿಂತ ಅವರದೇ ಫೋಟೋ ಎಂದು ಗೆಳೆಯ ಹಿಂಜರಿಯುತ್ತಾ ಹೇಳಿದ. "ತೆಗಿ. ಅಂಗಡೀಲೂ ನಾನೇ ಅಡ್ಡ ಇದ್ದದ್ದು" ಎಂದರು. ಪುಟದ ಅರ್ಧದಲ್ಲಿ ಒಂದು ಚೌಕ ದಿಢೀರನೆ ಎದ್ದು ಬಂದು, ನಿಮ್ಮ ಇಮೇಲ್ ಕೊಡಿ, ಹುಟ್ಟಿದ ದಿನ ತಿಳಿಸಿ, ಶುಭಾಶಯ ಕಳಿಸುತ್ತೇವೆ ಎನ್ನುತ್ತಿತ್ತು. ಅದನ್ನು ಕಂಡು ಮಾವ ಹೌಹಾರಿದರು.

"ಇದ್ಯಾವನಪ್ಪಾ ಇವನು, ಬಾಗಿಲಾಗೇ ನಿಂತು ಯಾರ ಮನೆ, ಯಾವೂರು ಅಂತ ಕೇಳೋನು? ನಾನು ಕೇಳಿ ಕೇಳೇ ಅಂಗಡಿ ಮುಚ್ಚಿದ್ದು ಕಣೋ. ಪಾರ್ಸೆಲ್ ಮುಟ್ಟಿಸೋಕೆ ಏನು ಬೇಕೋ ಅಷ್ಟು ಕೇಳು, ಸಾಕು."

ಕೊನೆಗೆ ಉಳಿದದ್ದು ಇಷ್ಟು: ಅತ್ತೆಯ ಕಾಫಿಪುಡಿ ಪೊಟ್ಟಣದ ಒಂದು ಸಣ್ಣ ಚಿತ್ರ. ಚಿಕೋರಿ ಹಾಕಿದ್ದು, ಹಾಕದೇ ಇದ್ದದ್ದು ಎಂಬ ಎರಡು ಸಾಲು. ಬೆಲೆ. ಕೊಳ್ಳಲು ಒಂದು ಗುಂಡಿ. "ಅಂಕಲ್, ಪೂರ್ತಿ ಬೋಳಾಗಿಬಿಟ್ಟಿದೆ. ಇದನ್ನ ನಾನು ಮಾಡಿದ್ದು ಅಂತ ಯಾರಿಗೂ ಹೇಳಬೇಡಿ" ಎಂದು ಗೆಳೆಯ ಕೈಮುಗಿದ.

ಅಷ್ಟಕ್ಕೆ ಬಿಟ್ಟರೆ? ಮಾವ ಹೊರಟರು! ಹೊರಡುತ್ತಿದ್ದರು ಎಂದಲ್ಲ, ನಿಜವಾಗಿಯೂ ಹೊರಟೇಬಿಟ್ಟರು. ಕನ್ನಡಕ ಒರೆಸದೆಯೇ ಬಸ್ ಹತ್ತಿದರು ಎಂದು ಅತ್ತೆ ನನಗೆ ಫೋನ್ ಮಾಡಿ, ಮೈಗೆ ಹುಷಾರಿಲ್ಲವೇನೋ ಎಂದು ಆತಂಕಪಟ್ಟರು. ಅವರು ಹೋಗಿದ್ದು ಹೆತ್ತೂರಿಗೆ. ಸುರಿಯುವ ಮಳೆಯಲ್ಲಿ ಸಿಗ್ನಲ್ ಬಂದಂತೆ ಮಾಡಿ ಬಾರದ ಊರು. ಅಲ್ಲಿಂದ ಇನ್ನೊಂದು ದಿನ ಘಾಟಿಯ ಪಕ್ಕದ ಹೆಗ್ಗದ್ದೆಗೆ. ಟೀ ಅಂಗಡಿಯಲ್ಲಿ ಕೂತವರ ಹತ್ತಿರ ಹೋಗಿ, ನಿಮ್ಮ ಫೋನಲ್ಲಿ ಇದೊಂದು ತೆಗೆದು ನೋಡಿ ಮಾರಾಯ್ರೆ ಎನ್ನುವುದು. ಅವರು ಫೋನು ನೋಡುತ್ತಿದ್ದರೆ ಇವರು ಬಗ್ಗಿ ಅವರ ಕಾಲು ನೋಡುವುದು! ಹೆಗ್ಗದ್ದೆಯಲ್ಲಿ ಒಬ್ಬಾತ ಹಾವು ಬಂತೆಂದು ತಿಳಿದು ಬೆಂಚಿನ ಮೇಲೆ ಹತ್ತಿದನಂತೆ. ಪರೀಕ್ಷೆ ಮುಗಿದ ಕೂಡಲೆ ಹಾಸನಕ್ಕೆ ಫೋನ್ ಹೋಗುತ್ತಿತ್ತು.

"ಹೆತ್ತೂರಾಗೆ ಕಾಲು ಬದಲಾಯಿಸಿದ್ರು. ಇನ್ನೂ ಏನೋ ಭಾರ ಐತೆ, ನೋಡು."

ಗೆಳೆಯ ಮೊದಮೊದಲು ಗೊಣಗಿದ. ಆಮೇಲೆ ಅವನಿಗೂ ಹುಚ್ಚು ಹತ್ತಿತು. ಚಿತ್ರ ಇನ್ನಷ್ಟು ಕುಗ್ಗಿಸಿದ, ಅಕ್ಷರಗಳ ಅಲಂಕಾರ ತೆಗೆದ, ಕಣ್ಣಿಗೆ ಕಾಣದೆ ಹಿಂದೆ ಕೂತಿದ್ದ ಏನೇನೋ ಸಾಮಾನು ಸಾಗಿಸಿದ. ಹೆಗ್ಗದ್ದೆಯಲ್ಲಿ ಯಾರೂ ಕಾಲು ಕದಲಿಸಲಿಲ್ಲ ಎಂದು ಮಾವ ವರದಿ ಕೊಟ್ಟ ದಿನ ಅವನು ಆಫೀಸಿನವರಿಗೆಲ್ಲ ಮೈಸೂರುಪಾಕ್ ಹಂಚಿದನಂತೆ.

ದೀಪಾವಳಿಗೆ ಇನ್ನು ಒಂದೆರಡು ವಾರವಿತ್ತು. ಸೈಟು ತೆರೆದಿತ್ತು. ನೆಂಟರು ಒಂದಷ್ಟು ಮಂದಿ ತರಿಸಿಕೊಂಡರು. ಅವರು ಲೆಕ್ಕಕ್ಕಿಲ್ಲ ಎಂದು ಅತ್ತೆ ಮೊದಲೇ ಹೇಳಿದ್ದರು. ಆಲೂರಿನವರು ಹಬ್ಬ ಮುಗಿದ ಕೂಡಲೆ ಗಾಡಿ ತರುತ್ತೇವೆ ಎಂದಿದ್ದರು. ಅತ್ತೆ ಮಷೀನನ್ನು ಒರೆಸಿ ಇಟ್ಟರು. ಕೊಡಲಿಕ್ಕೋ ಹುರಿಯಲಿಕ್ಕೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಗ ಒಂದು ಬೆಳಿಗ್ಗೆ ಆರ್ಡರ್ ಬಂತು. ಗುರುತಿಲ್ಲದ ಹೆಂಗಸೊಬ್ಬರ ಹೆಸರು, ಮಂಗಳೂರಿನ ವಿಳಾಸ. ಅದರ ಬೆನ್ನಿಗೇ ಸಂಜೆ ಆ ಹೆಂಗಸು ಫೋನನ್ನೂ ಮಾಡಿದರು. ರೈಲಿನಲ್ಲಿ ಮಂಗಳೂರಿಗೆ ಹೋಗುತ್ತಿದ್ದರಂತೆ. ಸಕಲೇಶಪುರ ಸ್ಟೇಷನ್ನಿನಲ್ಲಿ ಕುಡಿದ ಕಾಫಿ ನಾಲಿಗೆಗೆ ಹತ್ತಿ, ಈ ಕಡೆಯ ಪುಡಿ ತರಿಸೋಣ ಎಂದು ಫೋನಿನಲ್ಲಿ ಹುಡುಕಿದರಂತೆ. ದೋಣಿಗಾಲ್ ದಾಟಿದರೆ ಮುಂದೆ ಬರೀ ಸುರಂಗಗಳು, ಸಿಗ್ನಲ್ಲಿನ ಆಸೆ ಬಿಡಬೇಕು ಎಂಬುದು ಆ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. "ನಾಲ್ಕೈದು ಅಂಗಡಿ ತೆಗೆದು ನೋಡಿದೆ ಮಾರಾಯ್ರೆ. ನಿಮ್ಮದೊಂದೇ ಬಂದದ್ದು. ದುಡ್ಡೂ ಕಟ್ಟಿ ಆಯ್ತು, ಸುರಂಗವೂ ಬಂತು. ಬೇರೆಯವರದ್ದು ಘಾಟಿ ಇಳಿದು ಸುಬ್ರಹ್ಮಣ್ಯ ಸ್ಟೇಷನ್ನಿನಲ್ಲಿ ನೋಡಿದರೂ ತಿರುಗುತ್ತಾ ಇತ್ತು" ಎಂದು ನಕ್ಕರು.

ಮಾವ ಫೋನಿಟ್ಟು, ಜಗಲಿಯ ಕಂಬಕ್ಕೆ ಒರಗಿ, ಯುದ್ಧ ಗೆದ್ದ ಸೇನಾಪತಿಯ ಹಾಗೆ ಮೀಸೆ ಸವರಿಕೊಂಡರು. ಆಮೇಲೆ ನಡೆದದ್ದನ್ನು ಏನು ಹೇಳಲಿ? ಹಬ್ಬಕ್ಕೆ ಊರಿಗೆ ಹೊರಟವರು ಬಸ್ಸಿನಲ್ಲಿ ಕೂತು ಕೊಂಡರು, ಲಿಫ್ಟಿನಲ್ಲಿ ನಿಂತು ಕೊಂಡರು. ಮಷೀನು ದಿನವೂ ತಿರುಗಿತು. ಘಮ ರಸ್ತೆಗೆ ಹೋಗಿ ಬಸ್ಸಿನ ಕಂಡಕ್ಟರ್ ಇಳಿದು ಬಂದು, ಅಂಗಡಿ ಮತ್ತೆ ತೆಗೆದಿರೇನು ಎಂದು ವಿಚಾರಿಸಿದ. ಪೊಟ್ಟಣ ಕಟ್ಟುವ ಕೆಲಸಕ್ಕೆ ಮಾವನನ್ನು ಹತ್ತಿರ ಸೇರಿಸಬಾರದೆಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದೆವು. ಮಂಗಳೂರಿನ ಹೆಂಗಸು ಮತ್ತೆ ಆರ್ಡರ್ ಹಾಕಿ, ಕೆಳಗೆ ಬರೆದರು: ತುಂಬಾ ಚೆನ್ನಾಗಿತ್ತು, ಹುರಿದವರ ಕೈಗೆ ನಮಸ್ಕಾರ. ಅತ್ತೆ ಅದನ್ನು ನನ್ನಿಂದ ಒಮ್ಮೆ ಓದಿಸಿದರು, ಆಮೇಲೆ ಫೋನು ಇಸಿದುಕೊಂಡು ತಾವೇ ಓದಿದರು. ಹಬ್ಬ ಕಳೆದು ಆಲೂರಿನವರು ಪಿಕಪ್ ಗಾಡಿ ತಂದಾಗ, "ಮಷೀನ್‌ಗೆ ಪುರುಸೊತ್ತಿಲ್ವಲ್ಲ" ಎಂದು ಅತ್ತೆ ಹೇಳಿ ಕಾಫಿ ಕುಡಿಸಿ ಕಳಿಸಿದರು. ಅವರು ಹೋಗುವಾಗ ಎರಡು ಪೊಟ್ಟಣ ಕೊಂಡೇ ಹೋದರು.

ಆ ಮಧ್ಯಾಹ್ನ ಜಗಲಿಯ ಮೇಲೆ ಮಾವನನ್ನು ಕೇಳಿದೆ. "ಅಲ್ಲ ಮಾವ, ನಿಮಗೆ ಪ್ರಪಂಚದಲ್ಲಿ ಯಾವುದಕ್ಕೂ ಅವಸರ ಇಲ್ಲ. ಈ ಒಂದು ವಿಷಯಕ್ಕೆ ಇಷ್ಟು ಯಾಕೆ ಹಾರಾಡಿದ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಗೇಟಿನ ಮೆಣಸಿನ ಬಳ್ಳಿಯ ಕಡೆ ನೋಡಿದರು.

"ಮದುವೆಗೆ ಮುಂಚೆ ನಿಮ್ಮತ್ತೇನ ನೋಡಾಕೆ ಹೆತ್ತೂರಿಗೆ ಹೋಗಿದ್ನಲ್ಲ" ಎಂದರು ಕೊನೆಗೆ. "ಒಪ್ಪಿಗೆ ಅಂತ ಹೇಳಿ ಕಳ್ಸೋಕೆ ನಂಗೆ ಎರಡು ಮಳೆಗಾಲ ಹಿಡೀತು. ಇಷ್ಟ ಆಗಿತ್ತು ಕಣೋ. ಮೊದಲ್ನೇ ದಿನಾನೇ ಇಷ್ಟ ಆಗಿತ್ತು. ಹೇಳಾಕೆ ಬರ್ಲಿಲ್ಲ. ನಡುವೆ ಒಳ್ಳೊಳ್ಳೆ ಮನೆಯೋರು ಬಂದು ಕೇಳಿದ್ರಂತೆ. ಇವಳು ಒಲ್ಲೆ ಅಂದ್ಕೊಂಡು ಕಾದಳು. ಅದ್ನೇ ನಂಬ್ಕೊಂಡು ಅಂಗಡಿ ಇಟ್ಬುಟ್ಟೆ ನೋಡು, ಜನ ಅಂದ್ರೆ ಕಾಯ್ತಾರೆ ಅಂತ. ಇವಳ ಆಸೇನ ನನ್ನ ಕೈಯಾರೆ ಮುಚ್ಚಿದೆ. ಎಲ್ಲಾರೂ ನಿಮ್ಮತ್ತೆ ಆಗಲ್ಲ ಕಣೋ."

ಇಷ್ಟು ವರ್ಷ ನಾವೆಲ್ಲ ನಕ್ಕದ್ದು ಯಾರನ್ನು ಕಂಡು ಎಂದು ಸಂಕಟವಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ, ಕಟ್ಟಿದ ಪಾರ್ಸೆಲ್‌ಗಳನ್ನು ಎದೆಗವಚಿಕೊಂಡು ನಿಂತಿದ್ದರು.

"ಮೊದಲ್ನೇ ದಿನಾನೇ?" ಎಂದು ಕೇಳಿದರು.

"ಹೂಂ" ಎಂದರು ಮಾವ.

ಆ ಮಾತು ಅತ್ತೆಗೆ ಅವತ್ತೇ ತಿಳಿದದ್ದು. ಗೇಟಿನ ಹತ್ತಿರ ಕೊರಿಯರ್‌ನವನು ಹಾರನ್ ಹೊಡೆದ. ಇನ್ನೊಮ್ಮೆ ಹೊಡೆದ. ಅತ್ತೆ ಪಾರ್ಸೆಲ್‌ಗಳನ್ನು ಜಗಲಿಯ ಮೇಲೆ ಇಳಿಸಿ ಮಾವನ ಪಕ್ಕದಲ್ಲಿ ಕೂತರು. ಅವನು ಸ್ವಲ್ಪ ಕಾಯಲಿ ಎಂದು ನಾನೂ ಏಳಲಿಲ್ಲ.