ಮೊದಲು ಮಾಲಕರ ಮುಖ

ನಾರಾಯಣಪೇಟೆಯ ಸೀರೆ ವ್ಯಾಪಾರಿ ಮಹಾಂತಯ್ಯನವರ ವಿಡಿಯೋ ಜಾಹೀರಾತು, ಅದನ್ನು ಊರವರ ಫೋನುಗಳಲ್ಲಿ ತೋರಿಸಬೇಕಿದ್ದ ಕಂಪನಿಯಿಂದ ಬೆಳಿಗ್ಗೆ ಒಂಬತ್ತಕ್ಕೇ ವಾಪಸ್ ಬಂತು. ನಾಳೆ ಯುಗಾದಿ. ಹಬ್ಬದೊಳಗೆ ಗಿರಾಕಿ ಬರದಿದ್ದರೆ ಅಂಗಡಿಯನ್ನೇ ಮುಚ್ಚುವುದೆಂದು ಹೆಂಡತಿ ಚನ್ನವೀರಮ್ಮನಿಗೆ ಮೊನ್ನೆಯೇ ಹೇಳಿಯಾಗಿತ್ತು. ಆ ಮಾತಾಡಿದ ಮೇಲೆ ಮನೆಯಲ್ಲಿ ಯಾರಿಗೂ ಊಟ ಸೇರಿರಲಿಲ್ಲ.

"ಅಪ್ಪಾ, ಕಂಪನಿಯವ್ರ ಕಾಯ್ದೆ ಐತಿ," ಲ್ಯಾಪ್‌ಟಾಪ್ ನೋಡುತ್ತ ಮಗಳು ಕಾವ್ಯ ಅಂದಳು. "ಹದಿನೈದು ಸೆಕೆಂಡ್ ಮೀರಬಾರ್ದಂತ. ಅಡ್ಡ ತೆಗೆದದ್ದು ನಡಿಯಂಗಿಲ್ಲ, ಫೋನಿನಂಗ ಉದ್ದಕ ಇರ್ಬೇಕು."

ಅಡ್ಡಕ್ಕೆ ಹರವಿ ತೆಗೆದಿದ್ದ ಸೀರೆಗಳಲ್ಲಿ ಮುಕ್ಕಾಲು ಪಾಲು ಕತ್ತರಿಗೆ ಹೋದವು. ಪಕ್ಕದ ಪಾತ್ರೆ ಅಂಗಡಿಯ ಶಿವಶಂಕರಪ್ಪ ಕರೆಯದೇ ಬಂದು ಕುರ್ಚಿ ಎಳೆದುಕೊಂಡರು.

"ಮೊದ್ಲು ಮಾಲಕರ ಮಾರಿ ಕಾಣ್ಬೇಕ್ರೀ. ಮಾರಿ ನೋಡೇ ಅಲ್ಲೇನು ಮಂದಿ ನಂಬೋದು? ಸೀರಿ ಆಮ್ಯಾಗ ಬರ್ಲಿ."

ಮಹಾಂತಯ್ಯ ಕೈಮುಗಿದು ನಗುವ ದೃಶ್ಯ ಮೊದಲಿಗೆ ಸೇರಿತು. ವಿಡಿಯೋ ಫೈಲಿನ ಗಾತ್ರ ಹೆಚ್ಚಾಯಿತೆಂದು ಅದೂ ವಾಪಸ್. ಕಾವ್ಯ ಆ ಜಾಗದಲ್ಲಿ ಒಂದು ಫೋಟೋ ಇಟ್ಟಳು. ಉದ್ದಕ್ಕೆ ತೆಗೆದದ್ದು ಸಿಕ್ಕಿದ್ದು ವರ್ತಕರ ಸಂಘದ ಸನ್ಮಾನದ್ದೊಂದೇ: ಹಣೆ ತುಂಬ ವಿಭೂತಿ, ಹೊಟ್ಟೆವರೆಗೆ ಹಾರ, ಬಿಸಿಲಿಗೆ ಮುಚ್ಚಿದ ಕಣ್ಣು. ಮೂರನೆಯ ಸಲ ಹಿನ್ನೆಲೆಗೆ ಹಾಕಿದ್ದ ಬ್ಯಾಂಡಿನ ಸದ್ದು ಜಾಸ್ತಿಯಾಯಿತೆಂದರು. ಶಿವಶಂಕರಪ್ಪ ಬಿಡುವರೇ? ತಗ್ಗಿದ ದನಿಯಲ್ಲಿ ತಾವೇ "ಓಂ ನಮಃ ಶಿವಾಯ" ಹಾಡಿಕೊಟ್ಟು, ಪಾತ್ರೆ ತರಲೆಂದು ಮಕ್ತಲ್ ಬಸ್ಸು ಹತ್ತಿದರು.

ಹನ್ನೊಂದೂವರೆಗೆ ಜಾಹೀರಾತು ಪಾಸಾಯಿತು. ಮನೆಮಂದಿ ಮೂವರೂ ಅಂಗಡಿಗೆ ಬೀಗ ಹಾಕಿ ಮನೆಗೆ ಹೋಗಿ, ಎರಡು ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು.

ಎರಡು ಗಂಟೆಗೆ ಮಹಾಂತಯ್ಯ ಮರಳಿದಾಗ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅವರ ಕಣ್ಣಲ್ಲಿ ನೀರೇ ಬಂತು. ಆದರೆ ಬಜಾರಿನ ಶಟರುಗಳೆಲ್ಲ ಯಾಕೆ ಇಳಿದಿದ್ದವು? ಅವರನ್ನು ಕಂಡ ಮುದುಕಿಯೊಬ್ಬಳು ಚಿಟ್ಟನೆ ಚೀರಿದಳು.

ಸಂಘದ ಕಾರ್ಯದರ್ಶಿ ನಾಗಯ್ಯ ಅವರನ್ನು ಮುಟ್ಟಿ ಮುಟ್ಟಿ ನೋಡಿದರು. "ಇದ್ದೀರೇನ್ರೀ! ಫೋನಿನ್ಯಾಗ ನಿಮ್ಮ ಫೋಟೋ, ಹಾರ, ಮಂತ್ರ... ನೋಡಾಕ ಆಗಲಿಲ್ರೀ. ಐದು ಸೆಕೆಂಡಿಗೆ ಮುಂದಕ ಹೋಗೋ ಬಟನ್ ಬಂತು, ಎಲ್ರೂ ಒತ್ತಿಬಿಟ್ವಿ."

"ಮತ್ತ ಸೀರಿ?"

"ಯಾವ ಸೀರಿರೀ?"

ಮಹಾಂತಯ್ಯ ಕೀಲಿಕೈ ಹೊರತೆಗೆದರು. "ಜೀವಂತ ಇದ್ದೀನಲ್ರೀ, ಬಜಾರ ತೆರೀರಿ!"

"ಬಂದ್ ಕರದವ್ರು ಅಧ್ಯಕ್ಷರು. ತೆರಿ ಅನ್ನಾಕ ಅವ್ರೇ ಬರ್ಬೇಕು. ನಿಮಗಂತ ದೊಡ್ಡ ಹಾರ ತರಾಕ ಗದ್ವಾಲಕ ಹೋಗ್ಯಾರ."

"ನನ್ನ ಅಂಗಡಿನಾದ್ರೂ ತೆರೀತೀನಿ!"

ನಾಗಯ್ಯ ಮೆಲ್ಲಗೆ ಅವರ ಕೈ ಹಿಡಿದರು. "ಎಲ್ರೂ ಮುಚ್ಚಿ ಕುಂತಾಗ ಸತ್ತವ್ರ ಅಂಗಡೀನೇ ತೆರದ್ರ ಸಂಘದ ಮರ್ಯಾದಿ ಏನಾಗ್ಬೇಕ್ರೀ?"

ಮಹಾಂತಯ್ಯ ಕೀಲಿಕೈ ಜೇಬಿಗೆ ಹಾಕಿಕೊಂಡು, ತಮ್ಮ ಸಾವಿಗೆ ಬಂದವರ ನಡುವೆ ಜಾಗ ಮಾಡಿಕೊಂಡು ಕೂತರು.