ಪೆಟ್ಟಿಗೆ ನೋಡಿದರೆ ಸಿಗುತ್ತೆ

ಅಂಗಡಿಗಳಿಗೆ ಕ್ಯಾಮೆರಾ ಹಾಕಿ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ನೆಮ್ಮದಿ ಅನ್ನುವುದು ನಮ್ಮ ಹಿಂದೂಪುರದ ನಲ್ಲಿ ನೀರಿದ್ದಂತೆ, ಬಂದರೆ ಬಂತು. ಕಳ್ಳರಿಂದ ನನಗೆ ಅಂಥ ಕಾಟವೇನೂ ಇಲ್ಲ. ಕಾಟವೆಲ್ಲ ನನ್ನ ಬುದ್ಧಿಮಾತನ್ನು ಚಾಚೂತಪ್ಪದೆ ಪಾಲಿಸುವವರದ್ದು.

ಈ ದಸರಾಕ್ಕೆ ಮುಂಚೆಯಂತೂ ಕೂತಲ್ಲಿ ಕೂರಲಾಗಲಿಲ್ಲ. ನಮ್ಮೂರಿನ ರೇಷ್ಮೆ ಸೀರೆ ಸಾಹುಕಾರರು ಕಲ್ಯಾಣದುರ್ಗದಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಇಲ್ಲಿನ ಅಂಗಡಿಗೆ ಕ್ಯಾಮೆರಾ ಹಾಕಿದವನು ನಾನೇ.

"ಹಬ್ಬದ ಯಾಪಾರ ಮುಗೀಲಿ ಕಣಪ್ಪ. ಒಂದು ಸೀರೇನೂ ಕಳೀದಿದ್ರೆ ಅಲ್ಲಿನ ಕೆಲ್ಸಾನೂ ನಿಂದೇ. ಕಳೀತೋ, ಇದನ್ನೂ ಬಿಚ್ಕಂಡು ಹೋಯ್ತಾ ಇರು" ಅಂದರು.

ನಾನು ಜಂಬದಿಂದ ಬೀರುವಿನಲ್ಲಿದ್ದ ರೆಕಾರ್ಡಿಂಗ್ ಪೆಟ್ಟಿಗೆ ತೋರಿಸಿ, "ಏನೇ ಕಳೆದ್ರೂ ಈ ಪೆಟ್ಟಿಗೆ ನೋಡಿದ್ರೆ ಸಿಗುತ್ತೆ ಸಾವ್ಕಾರ್ರೇ" ಅಂದೆ. ಪಕ್ಕದಲ್ಲಿ ಕೂತಿದ್ದ ಅವರ ತಾಯಿ ಪೆಟ್ಟಿಗೆಗೆ ಕೈಮುಗಿದರು.

ಅವತ್ತಿನಿಂದ ಊಟದ ನಡುವೆಯೂ ಫೋನಿನಲ್ಲಿ ಆ ಅಂಗಡಿ ನೋಡುವುದೇ ಆಯ್ತು. ನನ್ನ ಹೆಂಡತಿ, "ಅಷ್ಟು ಸೀರೆ ನೋಡ್ತೀರಲ್ಲ, ನಾನು ಉಟ್ಟಿರೋದನ್ನೂ ಒಂದ್ಸಲ ನೋಡಿ" ಅಂದಳು.

ಗುಟ್ಟಿನ ಪಾಸ್‌ವರ್ಡ್

ಆ ಚಡಪಡಿಕೆಯಲ್ಲೇ ಕಲ್ಯಾಣದುರ್ಗದ ಬಿತ್ತನೆ ಬೀಜದ ಅಂಗಡಿಗೆ ಹೋಗಿದ್ದೆ. "ನಿಮ್ಮ ಪಾಸ್‌ವರ್ಡ್ ಊರಿಗೆಲ್ಲ ಗೊತ್ತು, ಬದಲಾಯಿಸಿ" ಅಂತ ಅಲ್ಲಿನ ಯಜಮಾನರಿಗೆ ಹಿಂದೆಯೇ ಹೇಳಿದ್ದೆ. ಬದಲಾಯಿಸಿದ್ದರು ಪಾಪ. ಆದರೆ ಅವತ್ತು ಅವರು ಬೋರ್ ಕೊರೆಸಲು ಬ್ರಹ್ಮಸಮುದ್ರಕ್ಕೆ ಹೋಗಿದ್ದರು, ಕಂಪ್ಯೂಟರ್ ತೆಗೆಯಲು ಯಾರಿಗೂ ಆಗಲಿಲ್ಲ.

ಗಲ್ಲಾದಲ್ಲಿದ್ದ ಅವರ ಬಾಮೈದ ಫೋನ್ ಮಾಡಿ ಸ್ಪೀಕರ್ ಹಾಕಿದ. "ಗುಟ್ಟಾಗಿ ಇಕ್ಕೋ ಕಣ್ಲಾ, ಯಾರ್ಗೂ ಹೇಳ್ಬ್ಯಾಡ" ಅಂತ ಶುರು ಮಾಡಿದ ಯಜಮಾನರು, ಬೋರಿನ ಸದ್ದಿಗೆ ದನಿ ಏರಿಸಿ ಒಂದೊಂದೇ ಅಕ್ಷರ ಕೂಗಿದರು. ಬೀಜದ ಮೂಟೆ ಮೇಲೆ ಕೂತ ರೈತರು, "ಆಮ್ಯಾಕೆ ಸೊನ್ನೆ ಅಂದ್ರು ನೋಡಪ್ಪ" ಅಂತ ನೆರವಿಗೆ ನಿಂತರು.

ಟೀ ತಂದವನು ಎಲ್ಲ ಕೇಳಿಸಿಕೊಂಡು, "ಪಾತದೇ ಬಾಗುಂಡೆ" ಅಂದ. ಹಳೇದೇ ಚೆನ್ನಾಗಿತ್ತಂತೆ!

ಒಂದೇ ಬೀಗ

ಗೋರಂಟ್ಲದ ಕಡೆ ಯಾರೋ ಅಂಗಡಿಯೊಂದರ ಸ್ಕ್ಯಾನರ್ ಸ್ಟಿಕ್ಕರ್ ಮೇಲೆ ತಮ್ಮದನ್ನು ಅಂಟಿಸಿ ದುಡ್ಡು ಹೊಡೆದರು ಅಂತ ಸುದ್ದಿಯಾಯಿತು. ಪರಿಗಿ ರಸ್ತೆಯಲ್ಲಿ ನಾನು ದಿನಾ ಇಡ್ಲಿ ತಿನ್ನುವ ಹೋಟೆಲಿನ ಅಕ್ಕನಿಗೆ, "ಸ್ಕ್ಯಾನರ್ ಜೋಪಾನ ಅಕ್ಕ" ಅಂದೆ.

ಮಾರನೇ ದಿನ ಗೋಡೆಯ ಮೇಲೆ ಸ್ಟಿಕ್ಕರ್ ಇಲ್ಲ. ಅಕ್ಕ ಸೊಂಟದಿಂದ ಬೀಗದ ಕೈ ತೆಗೆದು, ಟ್ರಂಕು ತೆರೆದು, ಬಟ್ಟೆಯಲ್ಲಿ ಸುತ್ತಿದ್ದ ಸ್ಟಿಕ್ಕರನ್ನು ಹೊರತೆಗೆದರು. ನಾನು ಫೋನ್ ಹಿಡಿಯುವಷ್ಟರಲ್ಲಿ ಸೆರಗಿನಲ್ಲಿ ಮುಚ್ಚಿಕೊಂಡರು.

"ನೆಟ್ಟಗೆ ತೋರ್ಸಕ್ಕ!"

"ಅಷ್ಟೊತ್ತು ತೋರ್ಸಿದ್ರೆ ಕಳ್ಳ ನೋಡ್ಕಂಬುಡ್ತಾನೆ ಕಣಪ್ಪ."

ಕಡೆಗೆ ನೋಟು ಕೊಟ್ಟೆ. ಅಕ್ಕ ಅದನ್ನು ಬಾಗಿಲ ಬಳಿ ಬಾಯ್ದೆರೆದಿದ್ದ ಗಲ್ಲಾಪೆಟ್ಟಿಗೆಗೆ ಎಸೆದರು.

"ಇದಕ್ಕೆ ಬೀಗ ಹಾಕಲ್ವಾ ಅಕ್ಕ?"

"ಇರೋದೊಂದೇ ಬೀಗ ಕಣಪ್ಪ. ಎಷ್ಟಕ್ಕೆ ಅಂತ ಹಾಕ್ಲಿ?"

ಆಯುಧಪೂಜೆ

ಹಬ್ಬದ ವ್ಯಾಪಾರ ಇನ್ನೇನು ಮುಗಿಯಿತು, ಗೆದ್ದೆ ಅಂದುಕೊಂಡಿದ್ದೆ. ಆಯುಧಪೂಜೆಯ ಬೆಳಿಗ್ಗೆ ಫೋನಿನಲ್ಲಿ ಸೀರೆ ಅಂಗಡಿ ನೋಡುತ್ತಿದ್ದೇನೆ, ಒಂದು ದೊಡ್ಡ ಬೆರಳು ಕ್ಯಾಮೆರಾಗೇ ನುಗ್ಗಿ ಬಂತು. ಮೂರು ಬಿಳಿ ಪಟ್ಟೆ, ನಡುವೆ ಕೆಂಪು ಬೊಟ್ಟು, ಆಮೇಲೆ ಏನೂ ಕಾಣದು. ಹಿಂದೆಯೇ ಪಕ್ಕದ ಕ್ಯಾಮೆರಾ, ಅದರ ಪಕ್ಕದ್ದು. ಚಪ್ಪಲಿ ಕೂಡ ಹಾಕದೆ ಗಾಡಿ ಹತ್ತಿದೆ.

ಅಂಗಡಿ ತುಂಬ ಜನ. ಗಿರಾಕಿಯೊಬ್ಬರು ಮದುಮಗಳಿಗೆಂದು ತೆಗೆದಿಡಿಸಿದ್ದ ಗಿಣಿಹಸಿರು ಸೀರೆ ಮಾಯ. ಅದನ್ನು ಮಡಿಸಿಟ್ಟಿದ್ದ ಕೆಲಸದ ಹೆಣ್ಣುಮಗಳು, "ದೇವ್ರಾಣೆ ನಾನು ಎತ್ತಿಲ್ಲಣ್ಣ" ಅಂತ ನನ್ನನ್ನು ನೋಡಿ ಅಳುತ್ತಿದ್ದಳು. ಅವಳ ಅನ್ನ, ನನ್ನ ಅನ್ನ, ಎರಡೂ ಆ ಕ್ಯಾಮೆರಾಗಳ ಮೇಲೆ.

"ತೋರ್ಸಪ್ಪ, ಯಾರು ಎತ್ತಿದ್ದು?" ಅಂದರು ಸಾಹುಕಾರರು.

"ಕ್ಯಾಮೆರಾ ಕಣ್ಣಿಗೇ ವಿಭೂತಿ ಬಳ್ದಿದೀರಲ್ಲ ಸಾವ್ಕಾರ್ರೇ!"

"ಆಯುಧಪೂಜೆ ಕಣಯ್ಯ. ಕತ್ತರಿಗೆ ಇಕ್ಕಿದೆ, ಗಾಡಿಗೆ ಇಕ್ಕಿದೆ. ಇದೊಂದನ್ನ ಬುಟ್ಬುಟ್ರೆ ಚೆಂದಾನಾ?"

ಬಳಿಯುವ ಮುಂಚಿನದಾದರೂ ರೆಕಾರ್ಡ್ ಆಗಿರುತ್ತೆ ಅಂತ ಬೀರು ತೆಗೆದೆ. ಒಳಗೆ ಪೆಟ್ಟಿಗೆ ಗಿಣಿಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಎಲೆ ಅಡಿಕೆ ಮುಂದಿಟ್ಟುಕೊಂಡು ಕೂತಿತ್ತು.

ಅಳುತ್ತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಆ ಹೊತ್ತಿಗೆ ದೇವಸ್ಥಾನದಿಂದ ಬಂದ ಸಾಹುಕಾರರ ತಾಯಿ, "ಅಂಗಡಿ ಕಾಯೋ ತಾಯಿ ಬರೀ ಮೈಲಿ ಕುಂತಿದ್ಲು ಕಣಮ್ಮ. ನಾನೇ ಉಡಿಸ್ದೆ" ಅಂದರು.

ಜನರೆದುರು ಮುಖಭಂಗವಾದ ಸಾಹುಕಾರರು ನನ್ನ ಮೇಲೆ ತಿರುಗಿದರು. "ಅದೇನೇ ಇರ್ಲಿ, ಸೀರೆ ಕಳೀತು, ನಿನ್ನ ಕ್ಯಾಮೆರಾ ಹಿಡೀಲಿಲ್ಲ. ಬಿಚ್ಕಂಡು ಹೋಗು."

ತಾಯಿ ಪೂಜೆ ತಟ್ಟೆ ಕುಕ್ಕಿದರು. "ಯಾಕ್ಲಾ ಹೋಯ್ತಾನೆ? ಕಳೆದ್ರೆ ಪೆಟ್ಟಿಗೆ ನೋಡಿದ್ರೆ ಸಿಗುತ್ತೆ ಅಂದಿದ್ದ. ನೋಡ್ದ. ಸಿಗ್ಲಿಲ್ವಾ? ಕಲ್ಯಾಣದುರ್ಗಕ್ಕೂ ಇವನ ಕೈಲೇ ಹಾಕ್ಸು. ಅಲ್ಲಿ ಉಡ್ಸೋ ಸೀರೆ ನಾನು ಆರಿಸ್ತೀನಿ!"